ಜನವರಿ 26ರ ಸಿಡ್ನಿ: ಒಂದು ತಾರೀಖಿನ ಜಾಡು ಹಿಡಿದು ಐದು ದಿನ

ಜನವರಿ 26 ಎಂದರೆ ನಮಗೆ ಗಣರಾಜ್ಯೋತ್ಸವ. ಶಾಲೆಯ ಬಾವುಟ, ಕೈಗೆ ಸಿಗುವ ಲಾಡು, ಟೀವಿಯಲ್ಲಿ ದೆಹಲಿಯ ಪೆರೇಡು. ಬೆಳಗಾವಿ ಸೀಮೆಯವರಿಗೆ ಆ ದಿನದ ಇನ್ನೊಂದು ನೆನಪೂ ಇದೆ. 1831ರ ಜನವರಿ 26ರಂದೇ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು. ಆಸ್ಟ್ರೇಲಿಯಾಕ್ಕೂ ಅದೇ ತಾರೀಖು ರಾಷ್ಟ್ರೀಯ ದಿನ, ಹೆಸರು ‘ಆಸ್ಟ್ರೇಲಿಯಾ ಡೇ’. 1788ರಲ್ಲಿ ಬ್ರಿಟಿಷರು ಸಿಡ್ನಿಯ ದಂಡೆಯಲ್ಲಿ ಬಾವುಟ ನೆಟ್ಟ ದಿನವದು.

ಆ ವಾರ ಸಿಡ್ನಿಗೆ ಹೋಗುವ ಬಹುಪಾಲು ಪ್ರವಾಸಿಗಳು ಬಂದರಿನ ಫೆರಿ ಪಂದ್ಯ, ರಾತ್ರಿಯ ಬಾಣಬಿರುಸು ನೋಡಿ ವಾಪಸಾಗುತ್ತಾರೆ. ಅದೇ ದಿನ, ಎರಡು ಮೂರು ಕಿಲೋಮೀಟರ್ ಆಚೆ, ಸಾವಿರಾರು ಜನ ಇದು ಹಬ್ಬವಲ್ಲ, ಆಕ್ರಮಣದ ದಿನ ಎಂದು ರಸ್ತೆಯಲ್ಲಿ ನಡೆಯುತ್ತಿರುತ್ತಾರೆ. ಎರಡನ್ನೂ ನೋಡಿ, ಜಗಳ ಯಾತರದು ಎಂಬುದನ್ನು ಅದು ನಡೆದ ಜಾಗಗಳಲ್ಲೇ ನಿಂತು ತಿಳಿಯಲು ಈ ಓಡಾಟ. 23ಕ್ಕೆ ಇಳಿದು 27ಕ್ಕೆ ಮುಗಿಸುವ ಲೆಕ್ಕ. ಒಂದು ದಿನ ಕಡಿಮೆ ಮಾಡಲೇಬೇಕಾದರೆ 27ರ ಕ್ಯಾನ್‌ಬೆರಾ ಬಿಡಿ, 24ರ ಕರ್ನೆಲ್ ಬಿಡಬೇಡಿ. ಅದನ್ನು ನೋಡದಿದ್ದರೆ 26ರಂದು ಕೇಳುವ ಮಾತುಗಳಲ್ಲಿ ಅರ್ಧ ತಲೆಗೆ ಹೋಗುವುದಿಲ್ಲ.

ಮೊದಲ ದಿನ, ಜನವರಿ 23: ಇಳಿಯುವುದು, ಪದಗಳನ್ನು ಕಲಿಯುವುದು

ಪ್ರವಾಸಿಗಳಿಗೆ ಬೇಕಾದ್ದು 600ನೇ ವರ್ಗದ ವೀಸಾ. ಡಿಸೆಂಬರ್–ಜನವರಿ ಅಲ್ಲಿ ಬೇಸಿಗೆ ರಜೆಯ ಕಾಲವಾದ್ದರಿಂದ ಅರ್ಜಿ, ಟಿಕೆಟ್ಟು ಎರಡನ್ನೂ ದೀಪಾವಳಿಗೆ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ. ಜನವರಿಯಲ್ಲಿ ಸಿಡ್ನಿಯ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದೆ.

ಉಳಿಯಲು ಸೆಂಟ್ರಲ್ ಸ್ಟೇಷನ್ನಿನ ಸುತ್ತಮುತ್ತ ಜಾಗ ಹಿಡಿಯಿರಿ. ಬಂದರಿನ ದಂಡೆಯ ಸರ್ಕ್ಯುಲರ್ ಕೀ ಕಡೆಯ ಹೋಟೆಲುಗಳಿಂದ ನೋಟ ಚಂದ, ಆದರೆ 26ರಂದು ಅಲ್ಲಿನ ರಸ್ತೆಗಳನ್ನು ಮುಚ್ಚುತ್ತಾರೆ, ಬಾಡಿಗೆಯೂ ಏರಿರುತ್ತದೆ. ಸೆಂಟ್ರಲ್‌ನಲ್ಲಿದ್ದರೆ ರೈಲು, ಮೆಟ್ರೊ, ಟ್ರಾಮು, ಕ್ಯಾನ್‌ಬೆರಾ ಬಸ್ಸು ಎಲ್ಲವೂ ಕಾಲಳತೆಯಲ್ಲಿ.

ಓಡಾಟಕ್ಕೆ ಓಪಲ್ ಕಾರ್ಡೇ ಆಗಬೇಕೆಂದಿಲ್ಲ. ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಯಂತ್ರಕ್ಕೆ ತೋರಿಸಿದರೆ ಸಾಕು. ಒಬ್ಬರಿಗೊಂದು ಕಾರ್ಡು ಬೇಕು, ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲಾಗದು. ಇಳಿಯುವಾಗ ತಾಗಿಸುವುದನ್ನು ಮರೆತರೆ ಆ ಮಾರ್ಗದ ಗರಿಷ್ಠ ದರ ಕತ್ತರಿಸಿಕೊಳ್ಳುತ್ತದೆ. ಒಂದು ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ, ಸರ್ಕಾರಿ ರಜೆಯ ದಿನ ಆ ಮಿತಿ ಇನ್ನೂ ಕೆಳಗಿರುತ್ತದೆ. ವಿಮಾನ ನಿಲ್ದಾಣದ ಸ್ಟೇಷನ್ನಿಗೆ ಮಾತ್ರ ಪ್ರತ್ಯೇಕ ಶುಲ್ಕ, ಅದು ಟಿಕೆಟ್ಟಿಗಿಂತ ದೊಡ್ಡದು. ನಾಲ್ಕು ಜನರಿದ್ದರೆ ಟ್ಯಾಕ್ಸಿಯೇ ಅಗ್ಗವಾದೀತು.

ಸಂಜೆ ಪುರಸೊತ್ತಿನಲ್ಲಿ ಕೆಲವು ಪದಗಳನ್ನು ಸರಿಮಾಡಿಕೊಳ್ಳಿ. ನಮ್ಮ ಹಳೆಯ ಪಠ್ಯಗಳಲ್ಲಿದ್ದ ‘ಅಬಾರಿಜಿನ್’ ಎಂಬ ನಾಮಪದ ಅಲ್ಲಿ ಈಗ ಅವಮಾನದ ಮಾತು. ‘ಅಬಾರಿಜಿನಲ್ ಜನ’, ‘ಫಸ್ಟ್ ನೇಷನ್ಸ್’ ಎನ್ನಬೇಕು. ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಬೇರೆಯೇ ಜನ, ಅವರನ್ನು ಇವರೊಳಗೆ ಸೇರಿಸಬಾರದು. ಸಿಡ್ನಿಯ ನಡುಭಾಗ ಗ್ಯಾಡಿಗಲ್ ಕುಲದವರ ನೆಲ. ಯಾವುದೇ ಸಭೆಯ ಮೊದಲಿಗೆ ‘ವೆಲ್ಕಮ್ ಟು ಕಂಟ್ರಿ’ ಅಥವಾ ‘ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ’ ಕೇಳಿಸುತ್ತದೆ. ಎರಡೂ ಒಂದೇ ಅಲ್ಲ. ಮೊದಲನೆಯದು ಸ್ವಾಗತ, ಅದನ್ನು ಆ ನೆಲದ ಕುಲದವರೇ ಹೇಳಬೇಕು. ಎರಡನೆಯದು ನೆಲದ ಒಡೆಯರನ್ನು ನೆನೆಯುವುದು, ಅದನ್ನು ಅತಿಥಿಯೂ ಹೇಳಬಹುದು. ಮನೆಗೆ ಬಂದ ನೆಂಟನೇ ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಹೇಗಿರುತ್ತದೋ ಹಾಗೆ ಆಗುತ್ತದೆ ಇವೆರಡನ್ನು ಅದಲುಬದಲು ಮಾಡಿದರೆ.

ಎರಡನೆಯ ದಿನ, ಜನವರಿ 24: ಕರ್ನೆಲ್ ಮತ್ತು ಲಾ ಪೆರೂಸ್

ಬೆಳಗ್ಗೆ ಎಂಟಕ್ಕೆ ಹೊರಡಿ. ಸೆಂಟ್ರಲ್‌ನಿಂದ ಟಿ4 ಮಾರ್ಗದ ರೈಲಿನಲ್ಲಿ ಕೊನೆಯ ನಿಲ್ದಾಣ ಕ್ರೊನಲ್ಲಾ, ಸುಮಾರು ಒಂದು ಗಂಟೆ. ಅಲ್ಲಿಂದ 987ನೇ ಬಸ್ಸು ಕರ್ನೆಲ್‌ಗೆ. ಈ ಬಸ್ಸು ಪದೇಪದೇ ಇಲ್ಲ, ವಾರಾಂತ್ಯದಲ್ಲಂತೂ ವಿರಳ. ಇಳಿಯುವಾಗಲೇ ವಾಪಸು ಬಸ್ಸಿನ ಸಮಯ ನೋಡಿಟ್ಟುಕೊಳ್ಳದಿದ್ದರೆ ಸ್ಟಾಪಿನಲ್ಲಿ ಬಿಸಿಲು ಕಾಯಬೇಕು. ತಲಾ ಎರಡು ಲೀಟರ್ ನೀರು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಇರಲಿ. ನಮ್ಮ ಚರ್ಮಕ್ಕೇನಾಗುತ್ತದೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಜನವರಿಯಲ್ಲಿ ಆ ನೆಲದ ಅತಿನೇರಳೆ ಸೂಚ್ಯಂಕ 11 ದಾಟುವುದು ಮಾಮೂಲು, ಕಡಲ ಗಾಳಿಗೆ ಸುಡುವುದು ಗೊತ್ತಾಗುವುದೂ ಇಲ್ಲ.

ಈ ಜಾಗ ಕಮಾಯ್ ಬಾಟನಿ ಬೇ ರಾಷ್ಟ್ರೀಯ ಉದ್ಯಾನದ ದಕ್ಷಿಣ ಭಾಗ. 1770ರ ಏಪ್ರಿಲ್ 29ರಂದು ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕುಕ್‌ನ ದೋಣಿ ಇಲ್ಲಿಗೆ ಬಂದಾಗ ಗ್ವೀಗಲ್ ಕುಲದ ಇಬ್ಬರು ಈಟಿ ಹಿಡಿದು ತಡೆದರು. ಹಡಗಿನಲ್ಲಿದ್ದವರ ಎದುರು ಇಬ್ಬರೇ. ಕುಕ್ ಬಂದೂಕು ಹಾರಿಸಿದ. ಮೊದಲ ಗುಂಡು ಇಬ್ಬರ ನಡುವೆ, ಆಮೇಲಿನದು ಒಬ್ಬನಿಗೆ ತಾಗುವಂತೆ. ಅವರು ಕೂಗಿದ್ದು ‘ವರ್ರಾ ವರ್ರಾ ವಾಯ್’ ಎಂದು ಹಡಗಿನವರು ಬರೆದಿಟ್ಟರು. ಇನ್ನೂರು ಚಿಲ್ಲರೆ ವರ್ಷ ಅದನ್ನು ‘ತೊಲಗಿ’ ಎಂದೇ ಓದಿದರು. ಧರಾವಲ್ ನುಡಿ ಬಲ್ಲ, ಎದುರು ದಂಡೆಯ ಲಾ ಪೆರೂಸ್‌ನ ಜನ ಹೇಳುವುದು ಬೇರೆ: ‘ಇವರೆಲ್ಲ ಸತ್ತವರು’. ಬೆಳ್ಳಗೆ ಬಿಳಿಚಿಕೊಂಡು ಬಂದವರನ್ನು ಅವರು ಪ್ರೇತಗಳೆಂದು ಬಗೆದಿದ್ದರು. ಎರಡರ ನಡುವಿನ ಅಂತರ ಸಣ್ಣದಲ್ಲ. ಒಂದು ಓದಿನಲ್ಲಿ ಅವರು ಬರೀ ಹಗೆಗಳು, ಇನ್ನೊಂದರಲ್ಲಿ ತಮ್ಮವರನ್ನು ಎಚ್ಚರಿಸುತ್ತಿರುವವರು.

ದಂಡೆಯಲ್ಲಿ 1870ರ ಕುಕ್ ಸ್ಮಾರಕ ಸ್ತಂಭ ಇದೆ. ಅಲ್ಲೇ ಕೆಲವು ನಿಮಿಷ ನಡೆದರೆ 2020ರಲ್ಲಿ ನಿಲ್ಲಿಸಿದ ಕಂಚಿನ ಬಾಗಿದ ಪಕ್ಕೆಲುಬುಗಳು. ಒಂದು ಕಡೆಯಿಂದ ತಿಮಿಂಗಿಲದ ಅಸ್ಥಿ, ಇನ್ನೊಂದು ಕಡೆಯಿಂದ ಹಡಗಿನ ಒಡಲು. ಮೊದಲು ಸ್ತಂಭ ನೋಡಿ, ಆಮೇಲೆ ಇದರ ಒಳಗೆ ನಿಂತು ಕಡಲ ಕಡೆ ನೋಡಿ. ಸ್ತಂಭ ಬಂದವರ ಕಣ್ಣಿನದು, ಇದು ದಡದಲ್ಲಿದ್ದವರ ಕಣ್ಣನ್ನೂ ಸೇರಿಸಿಕೊಂಡದ್ದು. ಅಂದು ಕುಕ್‌ನ ಕಡೆಯವರು ಗುಡಿಸಲುಗಳಿಂದ ಹೊತ್ತೊಯ್ದ ಈಟಿಗಳಲ್ಲಿ ಉಳಿದ ನಾಲ್ಕು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಪಾಲಾಗಿದ್ದವು. ಅವು ವಾಪಸು ಬಂದದ್ದು 2024ರಲ್ಲಿ.

ಇಲ್ಲೇ ಒಂದು ಲೆಕ್ಕ ಬಗೆಹರಿಸಿಕೊಳ್ಳಬೇಕು. ಕುಕ್ ಇಳಿದ ದಿನ ಜನವರಿ 26 ಅಲ್ಲ. ಅವನು ಪೂರ್ವ ಕರಾವಳಿಯನ್ನು ದೊರೆಯ ಹೆಸರಿಗೆ ಬರೆದುಕೊಂಡದ್ದು ಅದೇ ವರ್ಷ ಆಗಸ್ಟ್ 22ರಂದು, ಬಹುದೂರದ ಉತ್ತರದ ಒಂದು ದ್ವೀಪದಲ್ಲಿ. ಹೊರಡುವಾಗ ಅವನಿಗಿದ್ದ ಗುಟ್ಟಿನ ಆದೇಶದಲ್ಲಿ ‘ಸ್ಥಳೀಯರ ಒಪ್ಪಿಗೆ ಪಡೆದು’ ಎಂಬ ಮಾತಿತ್ತು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಆಸ್ಟ್ರೇಲಿಯಾ ಡೇ ಕುಕ್‌ನ ಹಬ್ಬ ಎಂದು ಅಲ್ಲಿನವರೇ ಎಷ್ಟೋ ಜನ ತಪ್ಪು ತಿಳಿದಿರುವುದರಿಂದ ಈ ವಿವರ ಕೈಯಲ್ಲಿರಲಿ.

ಹದಿನೆಂಟು ವರ್ಷದ ನಂತರ, 1788ರ ಜನವರಿ 18ರಿಂದ 20ರೊಳಗೆ, ವಸಾಹತಿನ ಮೊದಲ ಗವರ್ನರ್ ಆರ್ಥರ್ ಫಿಲಿಪ್‌ನ ಹನ್ನೊಂದು ಹಡಗುಗಳು ಇದೇ ಕೊಲ್ಲಿಗೆ ಬಂದವು. ಸುಮಾರು 1,400 ಜನ, ಅರ್ಧಕ್ಕಿಂತ ಹೆಚ್ಚು ಕೈದಿಗಳು. ಕೊಲ್ಲಿ ಗಾಳಿಗೆ ಬಯಲು, ಆಳ ಸಾಲದು, ಸಿಹಿನೀರು ಕಡಿಮೆ, ಮಣ್ಣು ಮರಳು. ಫಿಲಿಪ್ ಸಣ್ಣ ದೋಣಿಗಳಲ್ಲಿ ಉತ್ತರಕ್ಕೆ ಹೋಗಿ ಈಗಿನ ಸಿಡ್ನಿ ಬಂದರನ್ನು ನೋಡಿ ಬಂದ. ಹೊರಡುವ ತಯಾರಿಯಲ್ಲಿದ್ದಾಗಲೇ, 24ರಂದು, ದೂರದಲ್ಲಿ ಎರಡು ಫ್ರೆಂಚ್ ಹಡಗುಗಳು ಕಾಣಿಸಿಕೊಂಡವು. ಅದು ಲಾ ಪೆರೂಸ್ ಎಂಬ ನಾವಿಕನ ತಂಡ. ಅವು ಕೊಲ್ಲಿಯೊಳಗೆ ಬರುವುದೂ ಇಂಗ್ಲಿಷರ ಹಡಗುಗಳು ಹೊರಡುವುದೂ 26ರಂದೇ ಆಯಿತು. ಅಂದರೆ ಇಂದು ಪವಿತ್ರವೆನ್ನುವ ತಾರೀಖು ನೀರು ಸಾಲದೆ ಬಿಡಾರ ಬದಲಿಸಿದ ತಾರೀಖು.

ಎದುರು ದಂಡೆಯ ಲಾ ಪೆರೂಸ್ ಕಣ್ಣಿಗೆ ಕಾಣುತ್ತದೆ, ಆದರೆ ರೈಲು ಬಸ್ಸಿನಲ್ಲಿ ಸುತ್ತಿ ಬರಲು ಎರಡು ಗಂಟೆ ಬೇಕು. ನಗರಕ್ಕೆ ಮರಳಿ ಎಲ್3 ಟ್ರಾಮಿನಲ್ಲಿ ಜೂನಿಯರ್ಸ್ ಕಿಂಗ್ಸ್‌ಫರ್ಡ್‌ವರೆಗೆ, ಅಲ್ಲಿಂದ ಆನ್ಜಾಕ್ ಪೆರೇಡ್ ರಸ್ತೆಯ ಬಸ್ಸು. ವಸಾಹತು ಬಂದ ಮೇಲೂ ಅಬಾರಿಜಿನಲ್ ಕುಟುಂಬಗಳು ತಮ್ಮ ನೆಲ ಬಿಡದೆ ಉಳಿದ ಸಿಡ್ನಿಯ ಜಾಗವಿದು. 1992ರ ಮೊದಲ ‘ಸರ್ವೈವಲ್’ ಸಂಗೀತೋತ್ಸವ ನಡೆದದ್ದೂ ಇಲ್ಲೇ. ಸಂಜೆಯ ಹೊತ್ತಿಗೆ ತಲುಪಿದರೆ ಸಾಕು.

ಮೂರನೆಯ ದಿನ, ಜನವರಿ 25: ಮೂರು ಕಿಲೋಮೀಟರಿನ ನಡಿಗೆ

ಮೆಟ್ರೊದಲ್ಲಿ ಗ್ಯಾಡಿಗಲ್ ಸ್ಟೇಷನ್ನಿಗೆ ಬಂದು ಬ್ಯಾಥರ್ಸ್ಟ್ ರಸ್ತೆಯ ಕಡೆ ಹೊರಬನ್ನಿ. ಎಲಿಜಬೆತ್ ರಸ್ತೆಯಲ್ಲಿ ಹೈಡ್ ಪಾರ್ಕಿನ ಎದುರಿಗೆ 150ರ ಆಸುಪಾಸಿನ ಸಂಖ್ಯೆಯ ಹಳೆಯ ಕಟ್ಟಡ ಹುಡುಕಿ: ಆಸ್ಟ್ರೇಲಿಯನ್ ಹಾಲ್. ಮುಂಭಾಗ ನೋಡಿ ದಾಟಿಹೋಗುವವರೇ ಹೆಚ್ಚು, ಆದರೆ ಈ ಪ್ರವಾಸದ ಗರ್ಭಗುಡಿ ಇದೇ.

1938ರ ಜನವರಿ 26ಕ್ಕೆ ವಸಾಹತಿಗೆ 150 ತುಂಬಿತು. ಸರ್ಕಾರ ಫಾರ್ಮ್ ಕೋವ್‌ನಲ್ಲಿ ಫಿಲಿಪ್ ಇಳಿದದ್ದನ್ನು ನಾಟಕದಂತೆ ಮತ್ತೆ ಆಡಿಸಿತು. ಸಿಡ್ನಿಯ ಅಬಾರಿಜಿನಲ್ ಜನ ಪಾತ್ರ ಮಾಡಲು ಒಪ್ಪದ್ದರಿಂದ ದೂರದ ಪಶ್ಚಿಮದ ಮೆನಿಂಡಿಯಿಂದ ಗಂಡಸರನ್ನು ಕರೆತಂದು ರೆಡ್‌ಫರ್ನ್‌ನ ಪೊಲೀಸ್ ಬ್ಯಾರಕ್ಕಿನಲ್ಲಿ ಇಟ್ಟರು. ದೋಣಿ ಬಂದಾಗ ಬೆದರಿ ಓಡುವುದು ಅವರ ಪಾತ್ರ. ತಮಾಷೆಯೆಂದರೆ ಆ ಮೆರವಣಿಗೆಯಲ್ಲಿ ಕೈದಿಗಳೂ ಇರಲಿಲ್ಲ. ಊರು ಕಟ್ಟಿದ ಕೈದಿಗಳ ನೆನಪು ಮರ್ಯಾದಸ್ಥರಿಗೆ ಮುಜುಗರ. ಹಬ್ಬ ಮಾಡುವವರು ತಮ್ಮ ಕಥೆಯನ್ನೂ ಪೂರ್ತಿ ಹೇಳಿರಲಿಲ್ಲ.

ಅದೇ ದಿನ ಈ ಸಭಾಂಗಣದಲ್ಲಿ ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್, ವಿಲಿಯಂ ಕೂಪರ್ ಮುಂದಾಳುತನದಲ್ಲಿ ‘ಶೋಕದ ದಿನ’ ಸಭೆ ಸೇರಿತು. ಸುಮಾರು ನೂರು ಜನ, ಅಬಾರಿಜಿನಲ್ ಜನರಿಗೆ ಮಾತ್ರ ಪ್ರವೇಶ. ಟೌನ್ ಹಾಲ್ ಕೇಳಿದರೆ ಕೊಟ್ಟಿರಲಿಲ್ಲ, ಇಲ್ಲಿಯೂ ಹಿಂಬಾಗಿಲಿನಿಂದ ಒಳಗೆ ಬಿಟ್ಟರು. ಪೂರ್ಣ ಪೌರತ್ವ, ಸಮಾನತೆ ಬೇಕೆಂಬ ನಿರ್ಣಯ ಮಾಡಿದರು. ಐದು ದಿನ ಕಳೆದು ಪ್ರಧಾನಿ ಜೋಸೆಫ್ ಲಯನ್ಸ್ ಎದುರು ಹತ್ತು ಅಂಶಗಳ ಬೇಡಿಕೆ ಇಟ್ಟರು. ‘ಈಗೀಗ ಶುರುವಾದ ಗಲಾಟೆ’ ಎಂಬ ಮಾತು ಆಸ್ಟ್ರೇಲಿಯಾ ಡೇ ಬಗ್ಗೆ ಯಾರಾದರೂ ಹೇಳಿದರೆ ಈ ಬಾಗಿಲು ನೆನಪಿಗೆ ಬರಲಿ. ಎಲ್ಲ ರಾಜ್ಯಗಳೂ ‘ಆಸ್ಟ್ರೇಲಿಯಾ ಡೇ’ ಎಂಬ ಒಂದೇ ಹೆಸರಿಗೆ ಬಂದದ್ದು 1935ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಪ್ರತಿಭಟನೆ ಇತ್ತು.

ರಸ್ತೆ ದಾಟಿದರೆ ಪಾರ್ಕಿನ ದಕ್ಷಿಣ ಭಾಗದಲ್ಲಿ ‘ಯಿನಿನ್ಮದ್ಯೆಮಿ’ ಸ್ಮಾರಕ: ನಿಂತ ನಾಲ್ಕು ದೈತ್ಯ ಗುಂಡುಗಳು, ಬಿದ್ದ ಮೂರು ಖಾಲಿ ಕೋಶಗಳು. ಸೈನ್ಯದಲ್ಲಿ ದುಡಿದ ಅಬಾರಿಜಿನಲ್ ಮತ್ತು ಟಾರೆಸ್ ದ್ವೀಪಗಳ ಜನರಿಗಾಗಿ 2015ರಲ್ಲಿ ಕಲಾವಿದ ಟೋನಿ ಆಲ್ಬರ್ಟ್ ಮಾಡಿದ್ದು. ಉಳಿದು ಬಂದವರು ನಿಂತವು, ಬಾರದವರು ಬಿದ್ದವು. ಅಲ್ಲಿಂದ ಕಾಲೇಜ್ ರಸ್ತೆಯ ಕಡೆಗೆ ಕುಕ್‌ನ 1879ರ ಪ್ರತಿಮೆ. ಪೀಠದ ಮೇಲೆ ‘1770ರಲ್ಲಿ ಈ ಪ್ರಾಂತ್ಯವನ್ನು ಕಂಡುಹಿಡಿದ’ ಎಂಬ ಅರ್ಥದ ಕೆತ್ತನೆ. 2017ರ ಆಗಸ್ಟ್‌ನಲ್ಲಿ ಇದರ ಮೇಲೆ ‘ತಾರೀಖು ಬದಲಿಸಿ’ ಎಂದು ಬಣ್ಣ ಬಳಿದಿದ್ದರು. ಜನವರಿಯ ಈ ವಾರ ಪ್ರತಿಮೆಗೆ ಪೊಲೀಸ್ ಕಾವಲೋ ಬೇಲಿಯೋ ಇದ್ದರೆ ಅಚ್ಚರಿಪಡಬೇಡಿ, ಹತ್ತಿರ ಹೋಗಲು ಹಟ ಹಿಡಿಯಲೂ ಬೇಡಿ.

ಪಾರ್ಕಿನ ಉತ್ತರ ತುದಿಗೆ ನಡೆಯಿರಿ. ಹೈಡ್ ಪಾರ್ಕ್ ಬ್ಯಾರಕ್ಸ್ ಬಳಿ 2013ರಲ್ಲಿ ನಿಲ್ಲಿಸಿದ ಗವರ್ನರ್ ಲಾಕ್ಲನ್ ಮೆಕ್ವಾರಿಯ ಪ್ರತಿಮೆ. ಕನ್ನಡದವರು ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು. ಈತ ಸಿಡ್ನಿಗೆ ಬರುವ ಮೊದಲು ಭಾರತದಲ್ಲಿ ಸೈನ್ಯಾಧಿಕಾರಿ. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, 1799ರಲ್ಲಿ ಟಿಪ್ಪು ಬಿದ್ದಾಗಲೂ ಇದ್ದ, ಕೋಟೆಯ ಲೂಟಿ ಹಣದಲ್ಲಿ ಪಾಲು ಪಡೆದ. ಜನವರಿ 26ನ್ನು ಮೊದಲ ಸಲ ಸರ್ಕಾರಿ ಮಟ್ಟದಲ್ಲಿ ಆಚರಿಸಿದವನೂ ಇವನೇ. 1818ರಲ್ಲಿ, ಮೂವತ್ತನೆಯ ವರ್ಷಕ್ಕೆ, ಮೂವತ್ತು ತೋಪು ಹಾರಿಸಿ, ಸರ್ಕಾರಿ ಕೆಲಸಗಾರರಿಗೆ ರಜೆಯ ಜೊತೆ ತಲಾ ಒಂದು ಪೌಂಡ್ ತಾಜಾ ಮಾಂಸ ಕೊಟ್ಟ. ಅದಕ್ಕೆ ಎರಡು ವರ್ಷ ಮೊದಲು, 1816ರಲ್ಲಿ, ಅಬಾರಿಜಿನಲ್ ಜನರ ಮೇಲೆ ಸೈನ್ಯ ಕಳಿಸಿದವನೂ ಇವನೇ. ಕೊಂದವರ ಹೆಣಗಳನ್ನು ಮರಗಳಿಗೆ ನೇತುಹಾಕಿ ಎಂಬುದು ಅವನ ಆದೇಶದಲ್ಲಿತ್ತು. ಏಪ್ರಿಲ್ 17ರ ಆಪಿನ್ ಹತ್ಯಾಕಾಂಡದಲ್ಲಿ ಕಡಿಮೆಯೆಂದರೂ 14 ಜನ ಸತ್ತರು. ಪೀಠದ ಬರಹ ಆತನನ್ನು ಅಪ್ಪಟ ಸಂಭಾವಿತನೆಂದು ಹೊಗಳುತ್ತದೆ.

ಫಿಲಿಪ್ ಮತ್ತು ಬ್ರಿಜ್ ರಸ್ತೆಗಳು ಕೂಡುವಲ್ಲಿ ಮೊದಲ ಗವರ್ನರ್ ನಿವಾಸದ ಜಾಗ. ಅಲ್ಲಿ ನೆಟ್ಟಿರುವ 29 ಕಂಬಗಳು ಸಿಡ್ನಿ ಸುತ್ತಲ 29 ಕುಲಗಳ ಲೆಕ್ಕಕ್ಕೆ. ಫಿಯೋನಾ ಫೋಲಿ, ಜ್ಯಾನೆಟ್ ಲಾರೆನ್ಸ್ ಮಾಡಿದ್ದು, 1995ರದು. ಕಂಬಗಳ ನಡುವೆ ಹೋದರೆ ಪಿಸುಗುಟ್ಟುವ ದನಿಗಳು ಕೇಳಿಸುತ್ತವೆ, ಸಂಚಾರದ ಗದ್ದಲ ಇಲ್ಲದಾಗ ಹೋಗಿ. ಮುಂದೆ ಮೆಕ್ವಾರಿ ಪ್ಲೇಸ್‌ನಲ್ಲಿ ಫಿಲಿಪ್‌ನ ಹಡಗು ಸಿರಿಯಸ್‌ನ ಲಂಗರು. ಬಾವುಟ ನೆಟ್ಟದ್ದು ಇದೇ ಆಸುಪಾಸಿನಲ್ಲಿ. ಆಗ ಕಡಲು ಇಲ್ಲಿಯವರೆಗೂ ಇತ್ತು, ಈಗಿನ ಸರ್ಕ್ಯುಲರ್ ಕೀ ತುಂಬಿಸಿದ ನೆಲ. ಇನ್ನೊಂದು ವಿಷಯ ಇಲ್ಲೇ ಹೇಳುವುದು ಸರಿ. 26ರಂದು ನಡೆದದ್ದು ಬಾವುಟ ಏರಿಸಿ ದೊರೆಯ ಆರೋಗ್ಯಕ್ಕೆ ಕುಡಿದದ್ದಷ್ಟೇ. ವಸಾಹತಿನ ಸರ್ಕಾರವನ್ನು ವಿಧಿವತ್ತಾಗಿ ಘೋಷಿಸಿದ್ದು ಫೆಬ್ರವರಿ 7ಕ್ಕೆ. ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಎಂಬ ದೇಶವಾದದ್ದು 1901ರ ಜನವರಿ 1ಕ್ಕೆ.

ಕೊನೆಗೆ ಆಪೆರಾ ಹೌಸ್ ಮೇಲ್ಬದಿಯ ಹುಲ್ಲುಹಾಸಿನಲ್ಲಿ ಜೂಡಿ ವಾಟ್ಸನ್ನಳ ‘ಬರಾ’: ಗಾಳದ ಕೊಕ್ಕೆಯ ಆಕಾರ. ಗ್ಯಾಡಿಗಲ್ ಹೆಂಗಸರು ಚಿಪ್ಪು ಉಜ್ಜಿ ಮಾಡುತ್ತಿದ್ದ ಮೀನು ಗಾಳದ ನೆನಪು. ಬಂದರಿನಲ್ಲಿ ತೊಗಟೆಯ ದೋಣಿಯಲ್ಲಿ ಕೂತು ಮೀನು ಹಿಡಿಯುವುದು ಹೆಂಗಸರ ಕಸುಬಾಗಿತ್ತು. ವಸಾಹತು ಬಂದ ಮರುವರ್ಷ, 1789ರಲ್ಲಿ, ಸಿಡುಬು ಎದ್ದು ಆ ದಂಡೆಗಳು ಬರಿದಾದವು.

ಸಂಜೆ ಬ್ಯಾರಂಗರೂ ಕಡೆ ಹೋಗಿ. ಕೆಲವು ವರ್ಷಗಳಿಂದ ಸಿಡ್ನಿ ಉತ್ಸವದ ಭಾಗವಾಗಿ 25ರ ರಾತ್ರಿ ಅಲ್ಲಿ ಬೆಂಕಿ ಹಾಕಿ ಜಾಗರಣೆ ಮಾಡುತ್ತಾರೆ. 1788ರ ‘ಹಿಂದಿನ ರಾತ್ರಿ’ಯ ನೆನಪಿಗೆ. ಅಲ್ಲಿ ಚಪ್ಪಾಳೆ ಇಲ್ಲ, ಮೊಬೈಲ್ ಬೆಳಕು ಹಾಕಬೇಡಿ.

ನಾಲ್ಕನೆಯ ದಿನ, ಜನವರಿ 26

ಸೂರ್ಯ ಹುಟ್ಟುವುದು ಆರು ದಾಟಿದ ಮೇಲೆ. ಅಷ್ಟರೊಳಗೆ ಬಂದರಿನಲ್ಲಿದ್ದರೆ ಆಪೆರಾ ಹೌಸಿನ ಹಾಯಿಗಳ ಮೇಲೆ ಆ ವರ್ಷ ಆರಿಸಿದ ಫಸ್ಟ್ ನೇಷನ್ಸ್ ಕಲಾವಿದರ ಚಿತ್ರ ಬೆಳಗುವುದನ್ನು ನೋಡಬಹುದು. ಬೆಳಕು ಹರಿದರೆ ಚಿತ್ರ ಮಾಸಿಹೋಗುತ್ತದೆ, ಹತ್ತು ನಿಮಿಷ ತಡವಾದರೂ ಕೆಲಸ ಕೆಟ್ಟಿತು. ತಲೆಯೆತ್ತಿ ಹಾರ್ಬರ್ ಬ್ರಿಜ್ ನೋಡಿ: ಕಪ್ಪು, ಕೆಂಪು, ನಡುವೆ ಹಳದಿ ವೃತ್ತದ ಬಾವುಟ. ಹೆರಾಲ್ಡ್ ಥಾಮಸ್ 1971ರಲ್ಲಿ ರೂಪಿಸಿದ್ದು. ಸೇತುವೆಯ ಮೇಲೆ ವರ್ಷವಿಡೀ ಹಾರಲು ಶುರುವಾದದ್ದು 2022ರಿಂದ. ಅದೇ ವರ್ಷ ಸರ್ಕಾರ ಅದರ ಹಕ್ಕುಸ್ವಾಮ್ಯವನ್ನು 2 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು.

ಏಳೂವರೆಯ ಹೊತ್ತಿಗೆ ಬ್ಯಾರಂಗರೂ ರಿಸರ್ವ್‌ನಲ್ಲಿ ‘ವುಗುಲ್‌ಓರಾ’, ಸರ್ಕಾರಿ ಕಾರ್ಯಕ್ರಮದ ಬೆಳಗಿನ ಆಚರಣೆ. ಬ್ಯಾರಂಗರೂ ಮೆಟ್ರೊ ಸ್ಟೇಷನ್ನಿನಿಂದ ಹೊರಬಂದರೆ ಪಕ್ಕದಲ್ಲೇ. ನೀಲಗಿರಿ ಎಲೆಗಳ ಹೊಗೆ ಹಾಕುತ್ತಾರೆ, ಕುಣಿತ ಇರುತ್ತದೆ. ಉಬ್ಬಸದವರು ಗಾಳಿಯ ಎದುರು ದಿಕ್ಕಿಗೆ ನಿಲ್ಲಿ. ಈ ಕಾರ್ಯಕ್ರಮಕ್ಕೆ ಹೋಗದೆ ನೇರವಾಗಿ ಮೆರವಣಿಗೆಗೆ ಹೋಗುವ ಅಬಾರಿಜಿನಲ್ ಜನರೂ ಬಹಳ. ಹಬ್ಬಕ್ಕೆ ಸುಣ್ಣ ಬಳಿದಂತೆ ಎಂಬುದು ಅವರ ಆಕ್ಷೇಪ. ಒಳಗೆ ನಿಂತು ನಮ್ಮ ದನಿಯನ್ನೂ ಕೇಳಿಸಬೇಕು ಎಂಬುದು ಹೋಗುವವರ ಮಾತು. ಒಂದೇ ಸಮುದಾಯದಲ್ಲಿ ಒಂದೇ ಅಭಿಪ್ರಾಯ ಹುಡುಕಬೇಡಿ, ನಮ್ಮಲ್ಲೂ ಸಿಗುವುದಿಲ್ಲ.

ಮೆರವಣಿಗೆ ಸೇರುವುದು ಬೆಳಗ್ಗೆ ಹತ್ತರ ಆಸುಪಾಸು. ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ: ಸೆಂಟ್ರಲ್ ಎದುರಿನ ಬೆಲ್ಮೋರ್ ಪಾರ್ಕ್ ಇರಬಹುದು, ಹೈಡ್ ಪಾರ್ಕ್ ಇರಬಹುದು. ಹಳೆಯ ಮಾಹಿತಿ ನಂಬಿ ಹೋಗಿ ಖಾಲಿ ಪಾರ್ಕ್ ನೋಡಿ ಬರುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಹಿಂದಿನ ಸಂಜೆ ಸಂಘಟಕರ ಪ್ರಕಟಣೆ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಮೆರವಣಿಗೆ ಮಾಡುವವರು ಏಳು ದಿನ ಮೊದಲು ಪೊಲೀಸರಿಗೆ ‘ಫಾರ್ಮ್ 1’ ಕೊಡುತ್ತಾರೆ. ಅದಕ್ಕೆ ತಡೆ ಬರದಿದ್ದರೆ ರಸ್ತೆ ತಡೆದರೆಂಬ ಕೇಸು ಭಾಗವಹಿಸಿದವರ ಮೇಲೆ ಬೀಳುವುದಿಲ್ಲ. ತಡೆ ಬಂದಿದ್ದರೆ ರಕ್ಷಣೆಯೂ ಇಲ್ಲ. ವೀಸಾದಲ್ಲಿರುವವರು ಇದನ್ನು ಖಚಿತಪಡಿಸಿಕೊಂಡೇ ಹೆಜ್ಜೆ ಇಡಬೇಕು, ಇಲ್ಲವೆಂದರೆ ಫುಟ್‌ಪಾತಿನಿಂದ ನೋಡಬೇಕು.

ಮೊದಲ ಒಂದು ಗಂಟೆ ಭಾಷಣ. ಕಸ್ಟಡಿಯಲ್ಲಿ ಸತ್ತವರ ಮನೆಯವರು ಫೋಟೊ ಹಿಡಿದು ಮಾತಾಡುತ್ತಾರೆ. ಈ ವಿಷಯದ ರಾಯಲ್ ಕಮಿಷನ್, ಅಂದರೆ ಸರ್ಕಾರಿ ತನಿಖಾ ಆಯೋಗ, 99 ಸಾವುಗಳನ್ನು ತನಿಖೆ ಮಾಡಿ 1991ರಲ್ಲಿ 339 ಶಿಫಾರಸು ಕೊಟ್ಟಿತು. ಆಮೇಲೆ ಸತ್ತವರ ಸಂಖ್ಯೆ 500 ದಾಟಿದೆ. ಆ ಮನೆಯವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ತೀರಿಹೋದವರ ಚಿತ್ರ, ಹೆಸರು ಹಂಚುವುದು ಹಲವು ಸಮುದಾಯಗಳಲ್ಲಿ ನಿಷಿದ್ಧ. ಮುಂದಿನ ಸಾಲುಗಳು ಅಬಾರಿಜಿನಲ್ ಜನರಿಗೆ, ಉಳಿದವರು ಹಿಂದೆ. ‘ಎಂದಿಗೂ ಇತ್ತು, ಎಂದಿಗೂ ಇರುತ್ತದೆ, ಇದು ಅಬಾರಿಜಿನಲ್ ನೆಲ’ ಎಂಬ ಘೋಷಣೆ ಎಷ್ಟು ಸಲ ಕೇಳುತ್ತದೆಂದರೆ ಸಂಜೆಗೆ ಬಾಯಿಪಾಠ ಆಗಿರುತ್ತದೆ.

ಫಲಕಗಳನ್ನು ಓದುತ್ತ ಹೋದರೆ ಎರಡು ಬೇರೆ ಬೇಡಿಕೆಗಳು ಕಾಣುತ್ತವೆ. ಒಂದು ‘ತಾರೀಖು ಬದಲಿಸಿ’. ಇನ್ನೊಂದು ‘ಹಬ್ಬವನ್ನೇ ತೆಗೆಯಿರಿ’. ಹೊರಗಿನವರಿಗೆ ಮೊದಲನೆಯದು ಸುಲಭವಾಗಿ ಒಪ್ಪಿಗೆಯಾಗುತ್ತದೆ, ಆದರೆ ಮೆರವಣಿಗೆಯ ಮುಂದಿನ ಸಾಲಿನಲ್ಲಿ ಎರಡನೆಯದೇ ಹೆಚ್ಚು. ಬೇರೆ ದಿನ ಅದೇ ಬಾವುಟ ಹಾರಿಸಿದರೆ ಕಳೆದುಕೊಂಡ ನೆಲದ ಲೆಕ್ಕ ಚುಕ್ತಾ ಆಗುತ್ತದೆಯೇ ಎಂಬುದು ಅವರ ಪ್ರಶ್ನೆ. 2023ರ ಅಕ್ಟೋಬರ್ 14ರ ಜನಮತದಲ್ಲಿ, ಫಸ್ಟ್ ನೇಷನ್ಸ್ ಜನರ ಪರವಾಗಿ ಸಂಸತ್ತಿಗೆ ಸಲಹೆ ಕೊಡುವ ‘ವಾಯ್ಸ್’ ಮಂಡಳಿಯನ್ನು ಸುಮಾರು 60% ಮತದಾರರು ತಿರಸ್ಕರಿಸಿದ ಮೇಲೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿದೆ. ಸಮೀಕ್ಷೆಗಳಲ್ಲಿ ಈಗಲೂ ಹೆಚ್ಚಿನವರು 26ರ ಪರವೇ.

ತಾರೀಖು ಮುಟ್ಟಬಾರದ್ದು ಎಂಬ ವಾದ ಮಾತ್ರ ನಿಲ್ಲುವುದಿಲ್ಲ. 1915ರಲ್ಲಿ ಯುದ್ಧ ನಿಧಿಗಾಗಿ ‘ಆಸ್ಟ್ರೇಲಿಯಾ ಡೇ’ ಆಚರಿಸಿದ್ದು ಜುಲೈ 30ಕ್ಕೆ. ಬಹುಕಾಲ ರಜೆಯನ್ನು ಹತ್ತಿರದ ಸೋಮವಾರಕ್ಕೆ ತಳ್ಳುತ್ತಿದ್ದರು, ವಾರಾಂತ್ಯ ಉದ್ದವಾಗಲಿ ಎಂದು. ಎಲ್ಲ ರಾಜ್ಯಗಳೂ 26ರಂದೇ ರಜೆ ಕೊಡಲು ಶುರುಮಾಡಿದ್ದು 1994ರಿಂದ. ಬೀಚಿನ ಅನುಕೂಲಕ್ಕೆ ಸರಿಯುತ್ತಿದ್ದ ದಿನ ದುಃಖದ ಕಾರಣಕ್ಕೆ ಸರಿಯಲಾರದು ಎಂದರೆ ನಂಬುವುದು ಕಷ್ಟ. ಇದೇ ತಾರೀಖಿಗೆ ಇನ್ನೊಂದು ರಕ್ತದ ನೆನಪೂ ಇದೆ: 1838ರ ಜನವರಿ 26ರಂದು ಸಿಡ್ನಿ ಐವತ್ತನೆಯ ವರ್ಷದ ರಜೆಯಲ್ಲಿದ್ದಾಗ, ಉತ್ತರದ ವಾಟರ್‌ಲೂ ಕ್ರೀಕ್‌ನಲ್ಲಿ ಮೇಜರ್ ನನ್‌ನ ಸವಾರ ಪೊಲೀಸರು ಗಮಿಲರಾಯ್ ಜನರನ್ನು ಕೊಂದರು.

ಮೆರವಣಿಗೆ ಸಾಮಾನ್ಯವಾಗಿ ಮುಗಿಯುವುದು ಕ್ಯಾಂಪರ್‌ಡೌನ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ, ‘ಯಾಬುನ್’ ಉತ್ಸವದ ಬಾಗಿಲಿಗೆ. ಗ್ಯಾಡಿಗಲ್ ನುಡಿಯಲ್ಲಿ ಯಾಬುನ್ ಎಂದರೆ ತಾಳಕ್ಕೆ ನುಡಿಸುವ ಸಂಗೀತ. ಪ್ರವೇಶ ಉಚಿತ, ಮದ್ಯ ಇಲ್ಲ. ಸಂಗೀತದ ವೇದಿಕೆಗಿಂತ ಚರ್ಚೆಯ ಗುಡಾರದಲ್ಲಿ ಒಂದು ಗಂಟೆ ಕೂತರೆ ಹೆಚ್ಚು ದಕ್ಕುತ್ತದೆ. ಕಲಾಕೃತಿ ಕೊಳ್ಳುವುದಾದರೆ ಮಾಡಿದವರ ಹೆಸರು, ಅವರ ಊರು ಕೇಳಿ ಕೊಳ್ಳಿ. ಪ್ರವಾಸಿ ಅಂಗಡಿಗಳ ಅಗ್ಗದ ಬೂಮರಾಂಗುಗಳಲ್ಲಿ ಬಹಳಷ್ಟು ನಕಲಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಬುತ್ತಿ ಇದ್ದರೆ ಒಳ್ಳೆಯದು. ಊರಿನ ಕೆಫೆಗಳು ಇವತ್ತು ರಜೆಯ ಹೆಚ್ಚುವರಿ ಶುಲ್ಕವೆಂದು 10 ರಿಂದ 15% ಸೇರಿಸುತ್ತವೆ, ಅದು ಮೋಸವಲ್ಲ, ಬಾಗಿಲಲ್ಲೇ ಬರೆದಿರುತ್ತಾರೆ.

ಸಿಡ್ನಿಯಲ್ಲೇ ನೆಲೆಸಿದ ಕನ್ನಡದ ಮನೆಗಳಿಗೆ ಈ ದಿನ ಇನ್ನೊಂದು ಇಕ್ಕಟ್ಟು ತರುತ್ತದೆ. ಬೆಳಗ್ಗೆ ಭಾರತದ ಧ್ವಜವಂದನೆ. ಎಷ್ಟೋ ಜನರಿಗೆ ಅದೇ ದಿನ ಸ್ಥಳೀಯ ಕೌನ್ಸಿಲಿನಿಂದ ಆಸ್ಟ್ರೇಲಿಯಾದ ಪೌರತ್ವ ಪ್ರಮಾಣಕ್ಕೆ ಕರೆ. 2022ರ ಕೊನೆಯಲ್ಲಿ ನಿಯಮ ಸಡಿಲವಾಗಿ, ಕೌನ್ಸಿಲುಗಳು ಈ ಸಮಾರಂಭವನ್ನು 23ರಿಂದ 29ರ ನಡುವೆ ಯಾವ ದಿನವಾದರೂ ಮಾಡಬಹುದು. ಬೇರೆ ಸಮಾರಂಭಕ್ಕೆ ಹಾಕಿ ಎಂದು ನೀವೂ ಕೇಳಬಹುದು. ಆದರೆ ಅರ್ಜಿ ಮಂಜೂರಾಗಿ 12 ತಿಂಗಳೊಳಗೆ ಪ್ರಮಾಣ ಆಗಬೇಕು, ಇಲ್ಲದಿದ್ದರೆ ಮಂಜೂರಾತಿಯೇ ರದ್ದಾಗಬಹುದು. ಮುಂದಿನ ಸಮಾರಂಭ ಯಾವಾಗ ಎಂದು ಕೇಳಿಕೊಂಡೇ ಈ ದಿನವನ್ನು ಬಿಡಿ.

ರಾತ್ರಿ ಸರ್ಕ್ಯುಲರ್ ಕೀಯ ಸಂಗೀತ, ಬಾಣಬಿರುಸು ನೋಡಲೇಬೇಕಾದರೆ ಐದು ಗಂಟೆಗೇ ಹೋಗಿ. ಜನ ತುಂಬಿದರೆ ಗೇಟು ಮುಚ್ಚುತ್ತಾರೆ, ವಾಪಸು ಬರುವಾಗ ಮಾರ್ಟಿನ್ ಪ್ಲೇಸ್‌ವರೆಗೆ ನಡೆದು ಮೆಟ್ರೊ ಹತ್ತುವುದು ಜಾಣತನ. ಬೇಡವೆಂದರೆ ರೈಲು ಹಿಡಿದು ಹ್ಯಾರಿಸ್ ಪಾರ್ಕಿಗೆ ಹೋಗಿ ದೋಸೆ ತಿನ್ನಿ. ಪಕ್ಕದ ಪ್ಯಾರಮಟ್ಟಾದಲ್ಲೇ 1797ರಲ್ಲಿ ಬಿಜಿಗಲ್ ಕುಲದ ಪೆಮುಲ್ವುಯ್ ನೂರರಷ್ಟು ಯೋಧರೊಂದಿಗೆ ಬ್ರಿಟಿಷ್ ಸೈನ್ಯದ ಎದುರು ನಿಂತು ಗುಂಡೇಟು ತಿಂದ. ಕಾಲಿಗೆ ಬೇಡಿ ಹಾಕಿದ್ದಾಗಲೇ ತಪ್ಪಿಸಿಕೊಂಡು ಇನ್ನೈದು ವರ್ಷ ಕಾಡಿದ. 1802ರಲ್ಲಿ ಕೊಂದು ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು. ರಾಯಣ್ಣನ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐದನೆಯ ದಿನ, ಜನವರಿ 27: ಕ್ಯಾನ್‌ಬೆರಾ

ಸೆಂಟ್ರಲ್‌ನಿಂದ ಬೆಳಗ್ಗೆ ಏಳರ ಬಸ್ಸು ಹಿಡಿದರೆ ಮೂರೂವರೆ ಗಂಟೆಗೆ ಕ್ಯಾನ್‌ಬೆರಾ. ರೈಲು ನಾಲ್ಕು ಗಂಟೆಗೂ ಹೆಚ್ಚು, ದಿನಕ್ಕೆ ಕೆಲವೇ. ಹೋಗಿ ಬರುವುದರಲ್ಲೇ ಏಳು ಗಂಟೆ ಹೋಗುವುದರಿಂದ ಬೇರೆ ಯಾವುದನ್ನೂ ಸೇರಿಸಬೇಡಿ. ಹಳೆಯ ಸಂಸತ್ ಭವನದ ಎದುರಿನ ಹುಲ್ಲುಹಾಸು, ಅಷ್ಟೇ.

1972ರ ಜನವರಿ 25ರಂದು ಪ್ರಧಾನಿ ವಿಲಿಯಂ ಮೆಕ್‌ಮಹನ್ ನೆಲದ ಹಕ್ಕು ಕೊಡುವುದಿಲ್ಲ, ಬೇಕಾದರೆ 50 ವರ್ಷದ ಗುತ್ತಿಗೆಗೆ ಅರ್ಜಿ ಹಾಕಿ ಎಂದರು. ಆ ರಾತ್ರಿಯೇ ಸಿಡ್ನಿಯಿಂದ ಕಾರಿನಲ್ಲಿ ಹೊರಟ ನಾಲ್ವರು ಯುವಕರು, ಮೈಕೆಲ್ ಆಂಡರ್ಸನ್, ಬಿಲ್ಲಿ ಕ್ರೇಗಿ, ಬರ್ಟಿ ವಿಲಿಯಮ್ಸ್, ಟೋನಿ ಕೂರಿ, 26ರ ನಸುಕಿನಲ್ಲಿ ಇಲ್ಲಿ ಒಂದು ಬೀಚ್ ಛತ್ರಿ ನೆಟ್ಟು ಅದಕ್ಕೆ ‘ಅಬಾರಿಜಿನಲ್ ಎಂಬಸಿ’ ಎಂದು ಹೆಸರಿಟ್ಟರು. ಸ್ವಂತ ನೆಲದಲ್ಲೇ ಪರದೇಶಿಗಳಾದವರಿಗೆ ರಾಯಭಾರ ಕಚೇರಿ ಬೇಕಲ್ಲ ಎಂಬ ಕುಹಕ ಅದು. ಆ ಜಾಗದಲ್ಲಿ ಡೇರೆ ಹಾಕುವುದನ್ನು ತಡೆಯುವ ಕಾನೂನೇ ಇರಲಿಲ್ಲ. ಸರ್ಕಾರ ಕಾನೂನು ತಂದು ಜುಲೈನಲ್ಲಿ ಪೊಲೀಸರಿಂದ ಕೀಳಿಸಿತು, ಅವರು ಮತ್ತೆ ನೆಟ್ಟರು. 1992ರಿಂದ ಎದ್ದೇಳದೆ ಅಲ್ಲೇ ಇದೆ. ಅದೇ ವರ್ಷ ಜೂನ್ 3ರಂದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯವಾದ ಹೈಕೋರ್ಟು ಮಾಬೊ ಪ್ರಕರಣದಲ್ಲಿ, ಬ್ರಿಟಿಷರು ಬಂದಾಗ ಇದು ಯಾರದೂ ಅಲ್ಲದ ನೆಲವಾಗಿತ್ತು ಎಂಬ ವಾದವನ್ನು ತಳ್ಳಿಹಾಕಿತು.

26ರ ಗದ್ದಲ ಇಳಿದಿರುವುದರಿಂದ 27ರಂದು ಮಾತಿಗೆ ಜನ ಸಿಗುತ್ತಾರೆ. ಇದು ಪ್ರದರ್ಶನದ ವಸ್ತುವಲ್ಲ, ಜನ ವಾಸ ಮಾಡುವ ಜಾಗ. ನಡುವೆ ಉರಿಯುವ ಬೆಂಕಿ ಪವಿತ್ರ, ಅದಕ್ಕೆ ಕಾಗದ, ಸಿಗರೇಟಿನ ತುಂಡು ಎಸೆಯಬಾರದು. ಮೊದಲು ಯಾರನ್ನಾದರೂ ಮಾತಾಡಿಸಿ, ಎಲ್ಲಿಂದ ಬಂದಿರಿ ಎಂದು ಹೇಳಿ, ಫೋಟೊ ತೆಗೆಯಲೇ ಎಂದು ಕೇಳಿ. ಬೇಡ ಎಂದರೆ ಬೇಡ.

ಅಲ್ಲಿಂದ ಕೆರೆಯ ಆಚೆ ನೇರ ಗೆರೆಯಲ್ಲಿ ಯುದ್ಧ ಸ್ಮಾರಕದ ಗುಮ್ಮಟ ಕಾಣುತ್ತದೆ. ದೇಶ ಹೊರಗೆ ಕಾದಾಡಿದ ಯುದ್ಧಗಳೆಲ್ಲ ಅದರೊಳಗಿವೆ. ಪೆಮುಲ್ವುಯ್‌ನಂಥವರು ಒಳಗಿನ ನೆಲಕ್ಕಾಗಿ ಮಾಡಿದ ಯುದ್ಧಗಳಿಗೆ ಇನ್ನೂ ಹೆಚ್ಚು ಜಾಗ ಕೊಡುವುದಾಗಿ ಸ್ಮಾರಕದ ಮಂಡಳಿ ಹೇಳಿದ್ದು 2022ರಲ್ಲಿ. ಸಿಡ್ನಿಗೆ ಸಂಜೆಯ ಬಸ್ಸುಗಳಲ್ಲಿ ಸೀಟು ಬೇಗ ತುಂಬುತ್ತದೆ, ಬೆಳಗ್ಗೆ ಹೊರಡುವಾಗಲೇ ವಾಪಸಿನದನ್ನೂ ಕಾದಿರಿಸಿ.